ಒಂದು ಗುಂಡಿಗೆ ಇಡೀ ಯುರೋಪ್ ಯಾಕೆ ಯುದ್ಧಕ್ಕೆ ಇಳಿಯಿತು?

ನಾನು ಇತಿಹಾಸದ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಿರುವವರು ಒಂದಲ್ಲ ಒಂದು ಸಲ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ‘ಯಾವನೋ ಹುಡುಗ ಒಬ್ಬ ಯುವರಾಜನನ್ನು ಕೊಂದ, ಸರಿ. ಅದಕ್ಕೆ ಇಡೀ ಯುರೋಪ್ ಯಾಕೆ ಬಡಿದಾಡಬೇಕಿತ್ತು? ತಪ್ಪು ರಾಷ್ಟ್ರೀಯತೆಯದ್ದಾ, ದೊಡ್ಡ ದೇಶಗಳ ಪೈಪೋಟಿಯದ್ದಾ?’ ಕೇಳುವುದು ಮೊದಲ ಮಹಾಯುದ್ಧದ ಬಗ್ಗೆ. ಆದರೆ ಕೇಳುವವರ ಮನಸ್ಸಿನಲ್ಲಿ ಇವತ್ತಿನ ಸುದ್ದಿಯೂ ಇರುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನನ್ನ ಪ್ರಕಾರ ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆಯೇ ಇಲ್ಲಿಲ್ಲ. ಪೈಪೋಟಿ ಸರ್ಕಾರದ ಕಿವಿಯಲ್ಲಿ ‘ತಡ ಮಾಡಿದರೆ ಕೆಟ್ಟೆ’ ಅನ್ನುತ್ತದೆ. ರಾಷ್ಟ್ರೀಯತೆ ‘ಬಗ್ಗಿದರೆ ಮಾನ ಹೋಯಿತು’ ಅನ್ನುತ್ತದೆ. ಎರಡೂ ಒಟ್ಟಿಗೆ ಕೂಗತೊಡಗಿದರೆ ಹಿಂದೆ ಸರಿಯುವ ದಾರಿ ಮುಚ್ಚಿಹೋಗುತ್ತದೆ.

ಮೊದಲು ಆ ಗುಂಡಿನ ವಿಷಯ. 1914ರ ಜೂನ್ 28, ಸಾರಾಯೆವೊ. ಆಸ್ಟ್ರಿಯಾ-ಹಂಗೇರಿಯ ಯುವರಾಜ ಫ್ರಾಂಜ್ ಫರ್ಡಿನಾಂಡ್ ಹೆಂಡತಿ ಸೋಫಿ ಜೊತೆ ತೆರೆದ ಕಾರಿನಲ್ಲಿ ಹೊರಟಿದ್ದ. ಬೆಳಿಗ್ಗೆ ಒಬ್ಬ ಎಸೆದ ಬಾಂಬಿನಿಂದ ಪಾರಾಗಿದ್ದ. ಅದರಲ್ಲಿ ಗಾಯಗೊಂಡ ಅಧಿಕಾರಿಯನ್ನು ಆಸ್ಪತ್ರೆಯಲ್ಲಿ ನೋಡಬೇಕು ಅಂತ ಮತ್ತೆ ಹೊರಟ. ಡ್ರೈವರ್ ತಪ್ಪು ರಸ್ತೆಗೆ ತಿರುಗಿಸಿದ. ತಪ್ಪು ಗೊತ್ತಾಗಿ ಕಾರು ನಿಂತ ಜಾಗದಲ್ಲೇ 19 ವರ್ಷದ ಗಾವ್ರಿಲೊ ಪ್ರಿನ್ಸಿಪ್ ಪಿಸ್ತೂಲು ಇಟ್ಟುಕೊಂಡು ನಿಂತಿದ್ದ.

ಕಾರು ಅಲ್ಲಿ ನಿಂತದ್ದು ಆಕಸ್ಮಿಕ. ಹುಡುಗ ಅಲ್ಲಿದ್ದದ್ದು ಆಕಸ್ಮಿಕ ಅಲ್ಲ. ಆಸ್ಟ್ರಿಯಾ 1908ರಲ್ಲಿ ಬೋಸ್ನಿಯಾವನ್ನು ಅಧಿಕೃತವಾಗಿ ತನ್ನೊಳಗೆ ಸೇರಿಸಿಕೊಂಡಿತ್ತು. ಸರ್ಬರೂ ಸೇರಿದಂತೆ ದಕ್ಷಿಣದ ಸ್ಲಾವ್ ಜನರೆಲ್ಲ ಒಂದೇ ದೇಶವಾಗಬೇಕು ಅನ್ನುವ ಕನಸು ಪ್ರಿನ್ಸಿಪ್‌ನಂಥವರ ತಲೆಯಲ್ಲಿತ್ತು. ಅದೇ ಕನಸು ವಿಯೆನ್ನಾಕ್ಕೆ ದುಃಸ್ವಪ್ನ. ಜರ್ಮನರು, ಹಂಗೇರಿಯನ್ನರು, ಚೆಕ್ಕರು, ಪೋಲರು, ಕ್ರೊಯೇಷಿಯನ್ನರು, ಸರ್ಬರು ಎಲ್ಲರೂ ಇರುವ ಸಾಮ್ರಾಜ್ಯದಲ್ಲಿ ಒಬ್ಬರು ‘ನಮ್ಮ ದೇಶ ನಮಗೆ’ ಅಂದರೆ ಉಳಿದವರು ಸುಮ್ಮನಿರುತ್ತಾರಾ? ರಾಷ್ಟ್ರೀಯತೆ ಒಬ್ಬರಿಗೆ ಕೂಡುವ ಆಸೆ, ಇನ್ನೊಬ್ಬರಿಗೆ ಒಡೆದುಹೋಗುವ ಭಯ. ಇದನ್ನು ಮರೆತರೆ ಮುಂದಿನದ್ದು ಯಾವುದೂ ಅರ್ಥವಾಗುವುದಿಲ್ಲ.

ಪ್ಯಾರಿಸ್‌ನ ಕಾಂಕಾರ್ಡ್ ಚೌಕದಲ್ಲಿ ಫ್ರಾನ್ಸಿನ ಎಂಟು ನಗರಗಳ ಹೆಸರಿನಲ್ಲಿ ಎಂಟು ಪ್ರತಿಮೆಗಳಿವೆ. ಅದರಲ್ಲಿ ಒಂದು ಸ್ಟ್ರಾಸ್‌ಬರ್ಗ್ ನಗರದ್ದು. 1870-71ರ ಯುದ್ಧದಲ್ಲಿ ಸೋತು ಆ ನಗರವೂ ಅಲ್ಸೇಸ್-ಲೊರೇನ್ ಪ್ರದೇಶವೂ ಜರ್ಮನಿಯ ಪಾಲಾದ ಮೇಲೆ ಜನ ಆ ಪ್ರತಿಮೆಗೆ ಕಪ್ಪು ಬಟ್ಟೆ ಹೊದಿಸಿದರು, ಹೂಮಾಲೆ ತಂದಿಟ್ಟರು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದು ಸೂತಕದ ಪ್ರತಿಮೆಯಾಗಿಯೇ ನಿಂತಿತ್ತು. ಆ ದಾರಿಯಲ್ಲಿ ಓಡಾಡಿದ ಮಕ್ಕಳು ದೊಡ್ಡವರಾದರು, ಅವರ ಮಕ್ಕಳೂ ಅದನ್ನೇ ನೋಡಿದರು. ಅವರೆಲ್ಲ ಯುದ್ಧ ಬಯಸಿದ್ದರು ಅಂತಲ್ಲ. ಆದರೆ ಜರ್ಮನಿಯ ಜೊತೆ ರಾಜಿ ಮಾಡಿಕೊಳ್ಳೋಣ ಅಂತ ಗಟ್ಟಿಯಾಗಿ ಹೇಳುವುದು ಯಾವ ಮಂತ್ರಿಗೂ ಸುಲಭವಿರಲಿಲ್ಲ.

ಇನ್ನು ಪೈಪೋಟಿ. ಬ್ರಿಟನ್ 1906ರಲ್ಲಿ ಡ್ರೆಡ್‌ನಾಟ್ ಅನ್ನುವ ಯುದ್ಧನೌಕೆಯನ್ನು ನೀರಿಗಿಳಿಸಿತು. ಅದರ ಮುಂದೆ ಹಳೆಯ ಹಡಗುಗಳೆಲ್ಲ, ಬ್ರಿಟನ್ನಿನವೂ ಸೇರಿ, ಸಪ್ಪೆಯಾದವು. ಅಲ್ಲಿಗೆ ಜರ್ಮನಿಗೂ ಹೊಸದಾಗಿ ಓಟ ಶುರು ಮಾಡುವ ಅವಕಾಶ ಸಿಕ್ಕಿತು. 1909ರ ಹೊತ್ತಿಗೆ ಲಂಡನ್‌ನಲ್ಲಿ ‘ನಮಗೆ ಎಂಟು ಬೇಕು, ಕಾಯುವುದಿಲ್ಲ’ ಅನ್ನುವ ಘೋಷಣೆ ಎದ್ದಿತ್ತು. ಸರ್ಕಾರ ಮೊದಲು ಒಪ್ಪಿದ್ದು ನಾಲ್ಕು ಹಡಗಿಗೆ, ಕೊನೆಗೆ ಕಟ್ಟಿಸಿದ್ದು ಎಂಟು. ಎಷ್ಟು ಹಡಗು ಬೇಕು ಅನ್ನುವ ಲೆಕ್ಕಾಚಾರ ಬೀದಿಯ ಕೂಗಾಗಿ ಬದಲಾದರೆ ಕಡಿಮೆ ಮಾಡೋಣ ಅನ್ನುವವನು ದೇಶದ್ರೋಹಿಯಂತೆ ಕಾಣುತ್ತಾನೆ.

ಬರ್ಲಿನ್ನಿನಲ್ಲಿ ಇನ್ನೊಂದು ಭಯ. ರಷ್ಯಾ ರೈಲು ಮಾರ್ಗ ಹಾಕುತ್ತಿದೆ, ಸೈನ್ಯ ಬೆಳೆಸುತ್ತಿದೆ, 1917ರ ಹೊತ್ತಿಗೆ ಅದನ್ನು ಹಿಡಿಯಲಾಗದು ಅಂತ ಸೇನಾಧಿಕಾರಿಗಳು ಲೆಕ್ಕ ಹಾಕಿದ್ದರು. 1912ರ ಡಿಸೆಂಬರ್‌ನಲ್ಲೇ ಸೇನಾ ಮುಖ್ಯಸ್ಥ ಮೋಲ್ಟ್ಕೆ, ಯುದ್ಧ ತಪ್ಪಿದ್ದಲ್ಲ, ಆದಷ್ಟು ಬೇಗ ಆದರೆ ಒಳ್ಳೆಯದು ಅಂತ ಚಕ್ರವರ್ತಿ ವಿಲ್ಹೆಲ್ಮ್‌ಗೆ ಹೇಳಿದ್ದ. ನನಗೆ ತೀರಾ ಅಪಾಯಕಾರಿ ಅನಿಸುವುದು ಈ ಯೋಚನೆ. ಹೇಗೂ ಆಗುವುದೇ ಆದರೆ ಈಗಲೇ ಆಗಲಿ ಅಂತ ಒಬ್ಬ ಸೇನಾಪತಿ ನಂಬಿದರೆ ಶಾಂತಿಯ ಪ್ರತಿ ದಿನವೂ ಅವನಿಗೆ ನಷ್ಟದ ದಿನ.

ಗುಂಡಿನ ಸದ್ದಿನಿಂದ ಬ್ರಿಟನ್ ಯುದ್ಧ ಸಾರುವವರೆಗೆ 37 ದಿನ. ಜರ್ಮನಿ ಆಸ್ಟ್ರಿಯಾಕ್ಕೆ ಏನೇ ಆದರೂ ನಿನ್ನ ಜೊತೆಗಿದ್ದೇನೆ ಅಂತ ಮಾತು ಕೊಟ್ಟಿತು. ಕೊಲೆಯ ಹಿಂದೆ ಸರ್ಬಿಯಾದ ಕೈವಾಡವಿದೆ ಅಂತ ಆಸ್ಟ್ರಿಯಾ ಅದಕ್ಕೆ ಷರತ್ತುಗಳನ್ನು ಹಾಕಿ 48 ಗಂಟೆಗಳ ಗಡುವು ಕೊಟ್ಟಿತು. ಸರ್ಬಿಯಾ ಬಹುತೇಕ ಷರತ್ತು ಒಪ್ಪಿದರೂ ಜುಲೈ 28ಕ್ಕೆ ಆಸ್ಟ್ರಿಯಾ ಅದರ ಮೇಲೆ ಯುದ್ಧ ಸಾರಿತು.

ಜುಲೈ 29ರ ರಾತ್ರಿ ರಷ್ಯಾದ ಚಕ್ರವರ್ತಿ ನಿಕೋಲಸ್ ಇಡೀ ಸೇನೆಯನ್ನು ಸಜ್ಜುಗೊಳಿಸುವ ಆಜ್ಞೆ ಕೊಟ್ಟಿದ್ದ. ಅಷ್ಟರಲ್ಲಿ ವಿಲ್ಹೆಲ್ಮ್‌ನ ಟೆಲಿಗ್ರಾಂ ಬಂತು. ಇಬ್ಬರೂ ಬಂಧುಗಳು, ಒಬ್ಬರಿಗೊಬ್ಬರು ‘ನಿಕಿ’, ‘ವಿಲಿ’ ಅಂತಲೇ ಬರೆಯುವವರು. ನಿಕೋಲಸ್ ಆಜ್ಞೆಯನ್ನು ವಾಪಸ್ ಪಡೆದ. ಅಂದರೆ ಆ ರಾತ್ರಿ ದಾರಿ ಇನ್ನೂ ತೆರೆದೇ ಇತ್ತು! ಮರುದಿನ ವಿದೇಶಾಂಗ ಮಂತ್ರಿ ಸಜೊನೊವ್ ಹೋಗಿ ಮನವೊಲಿಸಿದ. ಬೋಸ್ನಿಯಾ ವಿಷಯದಲ್ಲಿ 1909ರಲ್ಲಿ ರಷ್ಯಾ ಒಮ್ಮೆ ಬಗ್ಗಿತ್ತು, ಆ ಅವಮಾನ ಇನ್ನೂ ಹಸಿಯಾಗಿತ್ತು. ಇನ್ನೊಮ್ಮೆ ಸ್ಲಾವ್ ಬಂಧುಗಳಾದ ಸರ್ಬರನ್ನು ಕೈಬಿಟ್ಟರೆ ಜನ ಕ್ಷಮಿಸುವುದಿಲ್ಲ ಅನ್ನುವ ಭಯ ಒಂದು ಕಡೆ, ತಡ ಮಾಡಿದರೆ ಜರ್ಮನಿ ಮುಂದೆ ಹೋಗುತ್ತದೆ ಅನ್ನುವ ಭಯ ಇನ್ನೊಂದು ಕಡೆ. ನಿಕೋಲಸ್ ಒಪ್ಪಿದ. ಚಕ್ರವರ್ತಿ ಮತ್ತೆ ಮನಸ್ಸು ಬದಲಾಯಿಸಿದರೆ ತನ್ನನ್ನು ಹುಡುಕಲು ಆಗಬಾರದು, ಅದಕ್ಕೆ ಫೋನನ್ನೇ ಒಡೆದುಹಾಕುತ್ತೇನೆ ಅಂದಿದ್ದ ಸೇನಾ ಮುಖ್ಯಸ್ಥ ಯಾನುಷ್ಕೆವಿಚ್. ಆಜ್ಞೆ ತಿಳಿಸಿದ ಸಜೊನೊವ್, ಇನ್ನು ಫೋನ್ ಒಡೆಯಬಹುದು ಅಂದ. ಎಂಥ ಹೊಣೆಗೇಡಿತನ ನೋಡಿ. ಲಕ್ಷಾಂತರ ಜನರ ಜೀವ ಉಳಿಸಬಹುದಾಗಿದ್ದ ಒಂದೇ ಒಂದು ಕರೆ ಬರಬಾರದು ಅಂತ ಬಯಸಿದವರ ಕೈಯಲ್ಲಿ ಸೇನೆ ಇತ್ತು.

ಆಗಸ್ಟ್ 1ರಂದು ಬರ್ಲಿನ್ನಿನಲ್ಲೂ ಹೀಗೇ. ರಷ್ಯಾದ ಮಿತ್ರದೇಶ ಫ್ರಾನ್ಸ್ ಕಡೆ ಹೋಗುವುದು ಬೇಡ, ಸೇನೆಯನ್ನೆಲ್ಲ ರಷ್ಯಾ ಕಡೆ ತಿರುಗಿಸು ಅಂತ ವಿಲ್ಹೆಲ್ಮ್ ಕೇಳಿದ. ವರ್ಷಗಟ್ಟಲೆ ಕೂತು ಮಾಡಿದ ರೈಲು ವೇಳಾಪಟ್ಟಿಯನ್ನು ಹೀಗೆ ಬದಲಾಯಿಸಲು ಆಗುವುದಿಲ್ಲ ಅಂತ ಮೋಲ್ಟ್ಕೆ ಪಟ್ಟು ಹಿಡಿದ.

ಬೇಡ ಅನ್ನುವವರೇ ಇರಲಿಲ್ವಾ ಅಂತಲೂ ಕೇಳುತ್ತಾರೆ. ಇದ್ದರು. ಫ್ರಾನ್ಸಿನ ಸಮಾಜವಾದಿ ನಾಯಕ ಜಾನ್ ಜೋರೆಸ್ ಕೊನೆಯವರೆಗೂ ಯುದ್ಧ ತಡೆಯಲು ಓಡಾಡಿದ. ಜುಲೈ 31ರ ರಾತ್ರಿ ಪ್ಯಾರಿಸ್‌ನ ಕೆಫೆಯೊಂದರಲ್ಲಿ ಊಟಕ್ಕೆ ಕೂತಿದ್ದಾಗ ರಾಷ್ಟ್ರೀಯತೆಯ ಅಮಲೇರಿದ ಯುವಕನೊಬ್ಬ ಕಿಟಕಿಯಿಂದ ಗುಂಡು ಹಾರಿಸಿ ಕೊಂದ. 1919ರಲ್ಲಿ ಕೋರ್ಟು ಆ ಕೊಲೆಗಾರನನ್ನು ಬಿಟ್ಟುಬಿಟ್ಟಿತು. ಜನರೆಲ್ಲ ಕುಣಿದಾಡುತ್ತ ಯುದ್ಧಕ್ಕೆ ಹೋದರು ಅನ್ನುವ ಮಾತೂ ಪೂರ್ತಿ ನಿಜವಲ್ಲ. ಫ್ರಾನ್ಸಿನ ಹಳ್ಳಿಗಳಲ್ಲಿ ಕೊಯ್ಲಿನ ಹೊತ್ತಿಗೆ ಚರ್ಚಿನ ಗಂಟೆ ಬಾರಿಸಿದಾಗ ಜಾಸ್ತಿ ಜನ ದಿಗಿಲುಗೊಂಡರು, ಅತ್ತರು. ಆದರೂ ಹೋದರು. ಸುಮಾರು 90 ಲಕ್ಷ ಸೈನಿಕರು ವಾಪಸ್ ಬರಲಿಲ್ಲ.

ಹಾಗಾದ್ರೆ ದೊಡ್ಡ ದೇಶಗಳು ಎದುರುಬದುರಾದರೆ ಯುದ್ಧ ಆಗಲೇಬೇಕಾ? ಇಲ್ಲ. 1898ರಲ್ಲಿ ನೈಲ್ ದಡದ ಫಶೋದಾದಲ್ಲಿ ಫ್ರಾನ್ಸಿನ ಮಾರ್ಶಾನ್ ಸಣ್ಣ ತಂಡದೊಂದಿಗೆ ಬಾವುಟ ಹಾರಿಸಿದ್ದ. ಬ್ರಿಟನ್ನಿನ ಕಿಚನರ್ ಫಿರಂಗಿ ದೋಣಿಗಳ ಜೊತೆ ಬಂದ. ಎರಡೂ ದೇಶದ ಪತ್ರಿಕೆಗಳು ಯುದ್ಧಕ್ಕಾಗಿ ಅರಚುತ್ತಿದ್ದವು. ಕಿಚನರ್ ಮಾತ್ರ ಈಜಿಪ್ಟ್ ಸೇನೆಯ ಸಮವಸ್ತ್ರದಲ್ಲಿ ಬಂದು ಅಲ್ಲಿ ಈಜಿಪ್ಟಿನ ಬಾವುಟ ಏರಿಸಿದ, ಬ್ರಿಟನ್ನಿನದ್ದಲ್ಲ. ಮಾರ್ಶಾನ್ ಜೊತೆ ಕೂತು ಕುಡಿದು ಮಾತಾಡಿದ. ನಿರ್ಧಾರವನ್ನು ಇಬ್ಬರೂ ತಮ್ಮ ಸರ್ಕಾರಗಳಿಗೆ ಬಿಟ್ಟರು. ಅಲ್ಲಿ ಗಂಟೆ ಲೆಕ್ಕದ ವೇಳಾಪಟ್ಟಿ ಇರಲಿಲ್ಲ, ಯೋಚಿಸಲು ವಾರಗಟ್ಟಲೆ ಸಮಯ ಸಿಕ್ಕಿತು. ಜರ್ಮನಿಯನ್ನು ಎದುರಿಸಬೇಕಾದರೆ ಬ್ರಿಟನ್ ಜೊತೆ ಜಗಳ ಒಳ್ಳೆಯದಲ್ಲ ಅಂತ ಯೋಚಿಸಿದ ವಿದೇಶಾಂಗ ಮಂತ್ರಿ ದೆಲ್ಕಾಸೆ ಬೈಗುಳ ತಿಂದರೂ ತಂಡವನ್ನು ವಾಪಸ್ ಕರೆಸಿಕೊಂಡ. ಆರು ವರ್ಷದಲ್ಲಿ, 1904ಕ್ಕೆ, ಎರಡೂ ದೇಶಗಳು ಒಪ್ಪಂದ ಮಾಡಿಕೊಂಡವು.