ಸಿಸೇರಿಯನ್‌ನಲ್ಲಿ ರಕ್ತಸ್ರಾವ: ಬದಲಾಗುತ್ತಲೇ ಇರುವ ಲೆಕ್ಕ

ಶನಿವಾರ, 14 ಮಾರ್ಚ್ 2026

ಗರ್ಭಿಣಿ ದಾಖಲಾದಾಗ ಕೇಸ್ ಶೀಟ್ ಮೇಲೆ ‘ಲೋ ರಿಸ್ಕ್’, ಅಂದರೆ ರಕ್ತಸ್ರಾವದ ಅಪಾಯ ಕಡಿಮೆ, ಎಂದು ಬರೆಯುತ್ತಾರೆ. ಮಾರನೆಯ ದಿನ ಅದೇ ಹಾಳೆ ಥಿಯೇಟರ್‌ಗೆ ಬರುತ್ತದೆ. ಅಷ್ಟರಲ್ಲಿ ಗಂಟೆಗಟ್ಟಲೆ ಆಕ್ಸಿಟೋಸಿನ್ (ಗರ್ಭಕೋಶವನ್ನು ಸಂಕುಚಿಸುವ ಔಷಧ) ಡ್ರಿಪ್ ಓಡಿರುತ್ತದೆ, ನೀರು ಒಡೆದು ಜ್ವರ ಏರಿರುತ್ತದೆ, ಮಗುವಿನ ತಲೆ ಕಟಿಯೊಳಗೆ ಸಿಕ್ಕಿಕೊಂಡಿರುತ್ತದೆ. ಹಾಳೆಯಲ್ಲಿ ಮಾತ್ರ ಇನ್ನೂ ಲೋ ರಿಸ್ಕ್. ಅಪಾಯವನ್ನು ದಾಖಲಾದಾಗ, ಆಪರೇಷನ್ ನಿರ್ಧರಿಸಿದಾಗ, ಚರ್ಮಕ್ಕೆ ಬ್ಲೇಡ್ ಹಾಕುವ ಮುನ್ನ, ಹೊಲಿಗೆ ಮುಗಿದ ಮೇಲೆ ಹೊಸದಾಗಿ ಅಳೆಯಲೇಬೇಕು.

ಡ್ರಿಪ್ ಹೆಚ್ಚು ಹೊತ್ತು ಓಡಿದ್ದರೆ ಗರ್ಭಕೋಶದ ಆಕ್ಸಿಟೋಸಿನ್ ಗ್ರಾಹಕಗಳು ಮಂಕಾಗಿರುತ್ತವೆ. ಮಗು ಹೊರಬಂದ ಮೇಲೆ ಅದೇ ಔಷಧ ಕೊಟ್ಟರೂ ಗರ್ಭಕೋಶ ಗಟ್ಟಿಯಾಗುವುದಿಲ್ಲ. ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆ ಮಾಡುವ ಸಿಸೇರಿಯನ್ನಿನ ತೊಂದರೆಯೇ ಬೇರೆ. ಗರ್ಭಕೋಶದ ಕೆಳಭಾಗ ತೆಳ್ಳಗಾಗಿರುತ್ತದೆ, ತಲೆ ಮೇಲೆತ್ತುವಾಗ ಸೀಳು ಮೂಲೆಯಿಂದ ಪಕ್ಕಕ್ಕೆ ಹರಿದು ಗರ್ಭಕೋಶದ ಅಪಧಮನಿಯನ್ನೇ ಮುಟ್ಟಬಹುದು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ ಎಂಬುದು ನೆನಪಿರಲಿ.

ಎಲ್ಲಕ್ಕಿಂತ ಭಯ ಹುಟ್ಟಿಸಬೇಕಾದ ಜೋಡಿ ಹಳೆಯ ಸಿಸೇರಿಯನ್ ಗಾಯ ಮತ್ತು ಕೆಳಗೆ ಕೂತ ಮಾಸು. ಪ್ರಿವಿಯಾ (ಹೀಗೆ ಮಾಸು ಗರ್ಭಕೋಶದ ಬಾಯಿಯ ಮೇಲೆ ಕೂತಿರುವುದು) ಇರುವವರಲ್ಲಿ ಮಾಸು ಗರ್ಭಕೋಶದ ಗೋಡೆಗೆ ಬೇರೂರಿರುವ ಸಾಧ್ಯತೆ ಮೊದಲ ಸಿಸೇರಿಯನ್‌ನಲ್ಲಿ ಸುಮಾರು ಶೇ. 3, ಎರಡನೆಯದರಲ್ಲಿ 11, ಮೂರನೆಯದರಲ್ಲಿ 40. ಇಂಥವರ ಸ್ಕ್ಯಾನ್ ವರದಿಯಲ್ಲಿ ‘ಪ್ಲಾಸೆಂಟಾ ಲೋ ಲೈಯಿಂಗ್’ ಎಂಬ ಒಂದು ಸಾಲು ಸಾಲದು. ಮಾಸಿನ ಹಿಂದಿನ ಕಪ್ಪು ಗೆರೆ ಮಾಯವಾಗಿದೆಯೇ, ಒಳಗೆ ಅಂಕುಡೊಂಕಾದ ರಕ್ತದ ಹೊಂಡಗಳಿವೆಯೇ, ಮೂತ್ರಕೋಶದ ಅಂಚು ತುಂಡಾಗಿದೆಯೇ ಎಂದು ನೋಡಿಸಿ. ಅನುಮಾನ ಬಂದರೆ ಸಾಕಷ್ಟು ರಕ್ತ, ಅನುಭವಿ ಕೈಗಳು ಇರುವ ಕಡೆಗೆ ಮೊದಲೇ ಕಳಿಸಿ. ಮೇಜಿನ ಮೇಲೆ ಗೊತ್ತಾದರೆ ಅಂಟಿದ ಮಾಸನ್ನು ಎಳೆಯಲು ಹೋಗಬಾರದು.

ಹೋದ ರಕ್ತವನ್ನು ದೇಹ ಎಷ್ಟು ತಡೆದುಕೊಳ್ಳುತ್ತದೆ ಎಂಬುದೂ ಈ ಲೆಕ್ಕಕ್ಕೇ ಸೇರಿದ್ದು. 45 ಕೆ.ಜಿ. ತೂಕದ ಗರ್ಭಿಣಿಯಲ್ಲಿ ಸುಮಾರು 4 ಲೀಟರ್ ರಕ್ತ. ಒಂದು ಲೀಟರ್ ಹೋದರೆ ಕಾಲು ಭಾಗ ಹೋಯಿತು. ಹಿಮೋಗ್ಲೋಬಿನ್ 8 ಇದ್ದರೆ ಅದಕ್ಕಿಂತ ಮೊದಲೇ ಕುಸಿಯುತ್ತಾರೆ. ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಯರಲ್ಲಿ ಬಿಪಿ ಏರುವ ಕಾಯಿಲೆ) ಇದ್ದವರಲ್ಲಿ ಮೊದಲೇ ರಕ್ತದ ಪ್ರಮಾಣ ಕಡಿಮೆ, ಫಿಟ್ಸ್ ತಡೆಯಲು ಕೊಡುವ ಮ್ಯಾಗ್ನೀಷಿಯಂನಿಂದ ಗರ್ಭಕೋಶ ಸಡಿಲ, ಮೇಲಾಗಿ ಬಿಪಿಯಿಂದಾಗಿ ಗರ್ಭಕೋಶ ಗಟ್ಟಿ ಮಾಡುವ ಮೆಥರ್ಜಿನ್ ಕೊಡುವಂತಿಲ್ಲ. ಆಸ್ತಮಾ ಇದ್ದರೆ ಅದೇ ಕೆಲಸದ ಇನ್ನೊಂದು ಔಷಧ ಕಾರ್ಬೋಪ್ರೋಸ್ಟ್ ಕೈಬಿಡಬೇಕು. ಯಾವ ಔಷಧ ಕೊಡಬಾರದು ಎಂಬುದನ್ನು ಆಪರೇಷನ್‌ಗೆ ಮುಂಚೆಯೇ ಬೋರ್ಡ್ ಮೇಲೆ ಬರೆದಿಡಿ. ರಕ್ತ ಹರಿಯುವಾಗ ಯಾರಿಗೂ ನೆನಪಾಗುವುದಿಲ್ಲ.

ಅಪಾಯ ಮಧ್ಯಮ ಎಂದಾದರೆ ರಕ್ತದ ಗುಂಪು ಪರೀಕ್ಷೆ, ಆಂಟಿಬಾಡಿ ಸ್ಕ್ರೀನ್. ಹೆಚ್ಚು ಎಂದಾದರೆ ಕ್ರಾಸ್‌ಮ್ಯಾಚ್ ಆದ (ಆಕೆಯ ರಕ್ತಕ್ಕೆ ಹೊಂದುತ್ತದೆಂದು ಪರೀಕ್ಷಿಸಿದ) ರಕ್ತ ಸಿದ್ಧವಿರಬೇಕು, ರಕ್ತನಾಳಕ್ಕೆ ದಪ್ಪನೆಯ ಎರಡು ಕ್ಯಾನುಲಾ (ಸೂಜಿ ಕೊಳವೆ) ಹಾಕಿರಬೇಕು. ಯಾವ ಅಪಾಯವೂ ಕಾಣದವರಲ್ಲೂ ಬಹಳ ಮಂದಿಗೆ ರಕ್ತಸ್ರಾವವಾಗುತ್ತದೆ. ಆದ್ದರಿಂದ ರಕ್ತ ಅಳೆಯುವ ಕೆಲಸಕ್ಕೆ ಯಾರಿಗೂ ವಿನಾಯಿತಿ ಇಲ್ಲ.

ಅಳೆಯುವ ಬಗೆ ಇಲ್ಲಿದೆ. ಮಗು ಹೊರಬಂದು ನೀರು ಹೀರಿದ ತಕ್ಷಣ, ಮಾಸು ಬರುವ ಮೊದಲೇ, ಸಕ್ಷನ್ (ಹೀರುವ ಯಂತ್ರದ) ಬಾಟಲಿಯ ಮಟ್ಟ ಗುರುತಿಸಿ. ಅಲ್ಲಿಂದ ಮೇಲೆ ಏರಿದ್ದು ಬಹುಪಾಲು ರಕ್ತ. ತೊಳೆಯಲು ಹಾಕಿದ ಸಲೈನ್ ಕಳೆಯಿರಿ. ಒಣ ಮಾಪ್ (ರಕ್ತ ಒರೆಸುವ ಬಟ್ಟೆ) ತೂಕ ಮೊದಲೇ ತಿಳಿದಿರಲಿ. ಹತ್ತು ಮಾಪ್ ಒಣಗಿದ್ದಾಗ 200 ಗ್ರಾಂ, ನೆನೆದ ಮೇಲೆ 620 ಗ್ರಾಂ ಎಂದಾದರೆ ಹೋದದ್ದು ಸುಮಾರು 420 ಮಿ.ಲೀ. ಸಲೈನ್‌ನಲ್ಲಿ ಅದ್ದಿ ಹಿಂಡಿದ ಮಾಪ್ ಬಳಸುವುದಾದರೆ ಹಿಂಡಿದ ಮಾಪ್‌ನ ತೂಕವನ್ನೇ ಕಳೆಯಬೇಕು. ಕೊನೆಯಲ್ಲಿ ಯೋನಿಯಿಂದ ತೆಗೆದ ಗರಣೆ, ಸೊಂಟದಡಿಯ ಬಟ್ಟೆ ಇವನ್ನೂ ತೂಗಿ. ಬರೀ ಕಣ್ಣಂದಾಜಿನಲ್ಲಿ ಹೇಳಿದರೆ, ರಕ್ತ ಹೆಚ್ಚು ಹೋದಷ್ಟೂ ಲೆಕ್ಕ ಕಡಿಮೆಯಾಗಿ ಬರುತ್ತದೆ.

ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿದಾಗ 0.9 ದಾಟಿದರೆ ಎಚ್ಚರಿಕೆ. ಆದರೆ ಮೇಜಿನ ಮೇಲೆ ಈ ಲೆಕ್ಕ ಮೋಸ ಮಾಡಬಲ್ಲದು: ಸ್ಪೈನಲ್‌ನಿಂದಲೇ (ಬೆನ್ನಿಗೆ ಕೊಡುವ ಅರಿವಳಿಕೆ) ಬಿಪಿ ಇಳಿಯುತ್ತದೆ, ಬಿಪಿ ಏರಿಸಲು ಕೊಡುವ ಫಿನೈಲ್‌ಎಫ್ರಿನ್ ನಾಡಿಯನ್ನು ನಿಧಾನಗೊಳಿಸುತ್ತದೆ. ಅದಕ್ಕೇ ಅಳತೆಯ ಮೇಲೆ ನಡೆಯಿರಿ. 500 ಮಿ.ಲೀ. ಆಗಿ ಇನ್ನೂ ಹರಿಯುತ್ತಿದ್ದರೆ ಹಿರಿಯರನ್ನು ಕರೆಯಿರಿ. 1000 ಮುಟ್ಟುವವರೆಗೆ ಕಾಯದೆ ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, 10 ನಿಮಿಷದಲ್ಲಿ ರಕ್ತನಾಳಕ್ಕೆ. ಹೆರಿಗೆಯಾದ 3 ಗಂಟೆಯೊಳಗೆ. 30 ನಿಮಿಷದ ಮೇಲೂ ನಿಲ್ಲದಿದ್ದರೆ ಇನ್ನೊಂದು ಗ್ರಾಂ. ಆ ಆಂಪೂಲ್ ಸ್ಪೈನಲ್ ಟ್ರೇ ಹತ್ತಿರ ಇರಲೇಬಾರದು, ತಪ್ಪಿ ಬೆನ್ನಿಗೆ ಹೋದರೆ ಪ್ರಾಣವೇ ಹೋಗಬಹುದು. ಫೈಬ್ರಿನೋಜನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಪರೀಕ್ಷೆಗೆ ಕಳಿಸಿ: ದಿನ ತುಂಬಿದವರಲ್ಲಿ ಅದು ಸಾಮಾನ್ಯವಾಗಿ ಡೆಸಿಲೀಟರಿಗೆ 400 ಮಿ.ಗ್ರಾಂ. ಮೇಲಿರಬೇಕು. 200ಕ್ಕಿಂತ ಕೆಳಗಿಳಿದರೆ ಲ್ಯಾಬ್‌ನ ‘ನಾರ್ಮಲ್’ ಗುರುತನ್ನು ನಂಬಬೇಡಿ, ಅದು ಗರ್ಭಿಣಿಯರಲ್ಲದವರ ಲೆಕ್ಕ.

ವಾರ್ಡಿಗೆ ಬಂದ ಮೊದಲ ಎರಡು ಗಂಟೆ, 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ಗರ್ಭಕೋಶದ ಗಟ್ಟಿತನ, ಪ್ಯಾಡ್, ಮೂತ್ರ. ಪ್ಯಾಡ್ ಒಣಗಿದ್ದರೂ ನಾಡಿ ಏರುತ್ತಿದ್ದರೆ, ಹೊಟ್ಟೆ ಬಿಗಿಯಾಗುತ್ತಿದ್ದರೆ, ಭುಜ ನೋಯುತ್ತಿದೆ ಎಂದರೆ, ರಕ್ತ ಒಳಗೇ ಸೇರುತ್ತಿದೆ ಎಂದು ಭಾವಿಸಿ ಸರ್ಜನ್‌ರನ್ನು ಹಾಸಿಗೆಯ ಬಳಿಗೇ ಕರೆಸಿ.