ತೂಬಿಗೂ ಒಂದು ಹೆಸರು: ನನ್ನ ಫ್ಯಾಂಟಸಿ ಕಾದಂಬರಿ ಎಲ್ಲಿಗೆ ಬಂತು

ಜೂನ್

ಮೊದಲ ಭಾಗದ ಕರಡು ಮುಗಿಯಿತು. ಇನ್ನೂ ಒರಟಾಗಿದೆ, ಆದರೆ ಓದಿಸಿಕೊಂಡು ಹೋಗುತ್ತದೆ.

ಹೊಸಬರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಇದರಲ್ಲಿ ಡ್ರ್ಯಾಗನ್ ಇಲ್ಲ, ಹಿಮದ ಕೋಟೆ ಇಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲದ ಒಂದು ಸೀಮೆ. ಅಲ್ಲಿ ಒಂದರ ಕೆಳಗೊಂದು ಕೆರೆಗಳು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಕೋಲಾರದ ಕಡೆ ಓಡಾಡಿದವರಿಗೆ ಈ ನಕ್ಷೆ ತಕ್ಷಣ ಗುರುತು ಸಿಗುತ್ತದೆ. ನಾನು ಊರುಗಳ ಹೆಸರು ಬದಲಿಸಿ ಕೆರೆಗಳಿಗೆ ಜೀವ ಕೊಟ್ಟಿದ್ದೇನೆ. ಅವು ಮಾತು ಕೇಳಿಸಿಕೊಳ್ಳುತ್ತವೆ, ಮುನಿಸಿಕೊಳ್ಳುತ್ತವೆ, ಹಳೇ ಸಾಲ ಮರೆಯುವುದಿಲ್ಲ.

ನಾಯಕಿ ನೀರಗಂಟಿಯ ಮಗಳು. ರಾಜಕುಮಾರಿಯರ ಕಥೆ ಸಾಕಷ್ಟು ಇವೆ, ಅಲ್ವಾ? ಕೆರೆಯಿಂದ ಗದ್ದೆಗೆ ನೀರು ಬಿಡುವ ಬಾಗಿಲು, ಅಂದರೆ ತೂಬು, ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು ನೀರಗಂಟಿಯ ಕೆಲಸ. ಊರಿನ ಕೆಲಸ ಮಾಡಿ ಬೆಳೆಯಲ್ಲಿ ಪಾಲು ಪಡೆಯುವ ಆಯಗಾರರಲ್ಲಿ ಅವನೂ ಒಬ್ಬ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಧಾನ್ಯದಲ್ಲೇ ತನ್ನ ಪಾಲು ತೆಗೆದುಕೊಳ್ಳುತ್ತಿದ್ದ. ಎಷ್ಟೋ ಊರುಗಳಲ್ಲಿ ಈ ಕೆಲಸ ಮಾಡುತ್ತಿದ್ದವರು ಭೂಮಿ ಇಲ್ಲದ ದಲಿತರು. ಸ್ವಂತ ಗದ್ದೆ ಇಲ್ಲದವನು ತನ್ನ ಕಡೆಗೆ ನೀರು ತಿರುಗಿಸಿಕೊಳ್ಳುವುದಿಲ್ಲ ಅನ್ನುವುದು ಊರಿನ ಲೆಕ್ಕಾಚಾರ. ಇಡೀ ಊರಿನ ನೀರು ಕೈಯಲ್ಲಿದೆ, ತನ್ನದು ಅಂತ ಒಂದು ಗುಂಟೆ ನೆಲ ಇಲ್ಲ. ನನ್ನ ಕಾದಂಬರಿ ಹುಟ್ಟಿದ್ದೇ ಇಲ್ಲಿ.

"ಕಲ್ಪನೆಯ ಲೋಕ ತಾನೇ, ಜಾತಿ ಬಿಟ್ಟು ಬರಿ ಮಾರಾಯ" ಅಂತ ಗೆಳೆಯನೊಬ್ಬ ಹೇಳಿದ. ನಾನು ಒಪ್ಪಲಿಲ್ಲ. ಅದನ್ನು ತೆಗೆದರೆ ಅವಳು ಕಣದ ಹೊರಗೆ ಯಾಕೆ ನಿಲ್ಲುತ್ತಾಳೆ, ತಾನೇ ಬಿಟ್ಟ ನೀರನ್ನು ಯಾಕೆ ಇನ್ನೊಬ್ಬರಿಂದ ಬೊಗಸೆಗೆ ಹಾಕಿಸಿಕೊಂಡು ಕುಡಿಯುತ್ತಾಳೆ ಅನ್ನುವುದಕ್ಕೆ ಉತ್ತರವೇ ಇರುವುದಿಲ್ಲ.

ಜುಲೈ

ಬರೆದದ್ದು ಕಡಿಮೆ, ತಿರುಗಿದ್ದು ಜಾಸ್ತಿ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ನೋಡಿ ಬಂದೆ. ಅಷ್ಟು ದೊಡ್ಡ ಕೆರೆಗೆ ಏರಿ ಮಾತ್ರ ಸಣ್ಣದು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡ ಕಟ್ಟಿದ್ದಾರೆ. ಜಾಗ ಆರಿಸಿದವರ ಕಣ್ಣನ್ನು ಮೆಚ್ಚಬೇಕು. ನನಗೆ ಜಾಸ್ತಿ ಹಿಡಿಸಿದ್ದು ತೂಬುಗಳ ಹೆಸರು. ಒಂದು ಸಿದ್ಧನ ತೂಬು, ಇನ್ನೊಂದು ಬಸವನ ತೂಬು. ಮನೆ ಮಕ್ಕಳಿಗೆ ಇಡುವಂಥ ಹೆಸರು!

ಮಂತ್ರ ಹೇಗಿರಬೇಕು ಅಂತ ತಲೆ ಕೆಡಿಸಿಕೊಂಡಿದ್ದೆ. ಸಂಸ್ಕೃತದ ಹಾಗೆ ಕೇಳಿಸುವ ಸಾಲುಗಳನ್ನು ಬರೆದರೆ ಪೌರಾಣಿಕ ನಾಟಕದ ವಾಸನೆ ಬರುತ್ತಿತ್ತು. ಈಗ ಮಂತ್ರವೇ ಇಲ್ಲ. ಪ್ರತಿ ತೂಬಿಗೂ ಒಂದು ಹೆಸರಿದೆ, ಅದು ನೀರಗಂಟಿ ಮನೆಯವರಿಗೆ ಮಾತ್ರ ಗೊತ್ತು. ಹೆಸರು ಹಿಡಿದು ಕರೆದರೆ ನೀರಿನೊಳಗಿನ ಮರದ ಬಿರಡೆ ತಾನಾಗಿ ಮೇಲೇಳುತ್ತದೆ. ಕರೆಯುವ ಧಾಟಿ ಕೂಡ ದಿನಾ ಮಾತಾಡುವಂಥದ್ದೇ: "ಏಳಪ್ಪ, ಹೊತ್ತಾಯ್ತು."

ಆಗಸ್ಟ್

ಈ ತಿಂಗಳು ಪೂರ್ತಿ ಒಂದೇ ಪ್ರಶ್ನೆ. ಈ ಮಾಯೆಗೆ ಬೆಲೆ ಏನು?

ಕೆರೆ ಅಂದ ಕೂಡಲೇ ನಮಗೆ ಬಲಿ ನೆನಪಾಗುತ್ತದೆ. 'ಕೆರೆಗೆ ಹಾರ' ಹಾಡಿನಲ್ಲಿ ನೀರು ಬರಲಿ ಅಂತ ಕಿರಿಸೊಸೆ ಭಾಗೀರಥಿಯನ್ನು ಕೊಟ್ಟುಬಿಡುತ್ತಾರೆ. ಆ ಹಾಡಿನ ಮುಂದೆ ನಿಂತು ಇನ್ನೊಂದು ಬಲಿಯ ಕಥೆ ಬರೆಯುವ ಧೈರ್ಯ ನನಗಿಲ್ಲ, ಮನಸ್ಸೂ ಇಲ್ಲ. ಹೆಣ್ಣೊಬ್ಬಳು ಸತ್ತು ಊರು ತಣ್ಣಗಾಗುವುದನ್ನು ಎಷ್ಟು ಸಲ ಓದುವುದು? ನನ್ನವಳು ಬದುಕಿರಬೇಕು, ಬದುಕಿದ್ದೇ ಸಾಲ ತೀರಿಸಬೇಕು.

ಹಾಗಾಗಿ ನಿಯಮ ಹೀಗಾಯಿತು. ನೀರನ್ನು ಹುಟ್ಟಿಸಲು ಯಾರಿಂದಲೂ ಆಗುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸಬಹುದು ಅಷ್ಟೇ. ಸರದಿ ತಪ್ಪಿಸಿ ತೂಬನ್ನು ಕರೆದರೆ ಅಷ್ಟು ನೀರು ಅವಳ ಲೆಕ್ಕಕ್ಕೆ. ಮೊದಲು ಮನೆಯ ಕೊಡಗಳು ಬರಿದಾಗುತ್ತವೆ. ಆಮೇಲೆ ಬೆವರು ನಿಲ್ಲುತ್ತದೆ. ಕೊನೆಗೆ ಕಣ್ಣೀರು.

ಇಷ್ಟು ಬರೆದ ಮೇಲೆ ಎರಡನೇ ಭಾಗ ತಾನಾಗಿ ಬಿಚ್ಚಿಕೊಂಡಿತು. ಅವಳ ಅವ್ವ ಸಾಯುವ ಅಧ್ಯಾಯದಲ್ಲಿ ಅವಳಿಗೆ ಅಳುವುದಕ್ಕೆ ಆಗುವುದಿಲ್ಲ. ಊರಿನವರು ಕಲ್ಲುಮನಸ್ಸಿನವಳು ಅಂತ ಆಡಿಕೊಳ್ಳುತ್ತಾರೆ. ಅವರ ಗದ್ದೆಗೇ ನೀರು ಬಿಡಲು ಹೋಗಿ ಹಾಗಾದದ್ದು ಅಂತ ಅವಳು ಬಾಯಿ ಬಿಡುವ ಹಾಗಿಲ್ಲ. ಆ ಅಧ್ಯಾಯ ಬರೆದು ಮುಗಿಸಿ ಸುಮ್ನೆ ಹೊರಗೆ ಒಂದು ಸುತ್ತು ನಡೆದು ಬಂದೆ.

ಸೆಪ್ಟೆಂಬರ್

ಖಳ ಸಿಕ್ಕಿದ! ಸಿಕ್ಕಿದ್ದು ಒಂದು ಬಟ್ಟಲಿನಿಂದ.

ನನ್ನ ಲೋಕದಲ್ಲಿ ಗಂಟೆ, ನಿಮಿಷ ಇಲ್ಲ. ದಿನಕ್ಕೆ 60 ಗಳಿಗೆ, ಒಂದು ಗಳಿಗೆ ಅಂದರೆ ನಮ್ಮ 24 ನಿಮಿಷ. ಹಿಂದೆ ಅದನ್ನು ಅಳೆಯಲು ಗಳಿಗೆ ಬಟ್ಟಲು ಇರುತ್ತಿತ್ತು. ತಳದಲ್ಲಿ ಸಣ್ಣ ತೂತು ಇರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಾರೆ. ನೀರು ಒಳಗೆ ನುಗ್ಗಿ ಅದು ಮುಳುಗಿದರೆ ಒಂದು ಗಳಿಗೆ. ನನ್ನ ಕಥೆಯಲ್ಲಿ ಗದ್ದೆಗಳ ಸರದಿಯನ್ನೂ ಇದರಲ್ಲೇ ಅಳೆಯುತ್ತಾರೆ. ತೂತು ಒಂದಿಷ್ಟು ಕಿರಿದಾದರೆ ಬಟ್ಟಲು ತಡವಾಗಿ ಮುಳುಗುತ್ತದೆ, ಸರದಿ ಉದ್ದವಾಗುತ್ತದೆ. ಪಟೇಲನ ಹತ್ತಿರ ಎರಡು ಬಟ್ಟಲು ಇವೆ. ಸಾಕಲ್ಲ? ಇದಕ್ಕೆಂದೇ ಸಾಕಿಕೊಂಡಿದ್ದ ರಾಕ್ಷಸನೊಬ್ಬನನ್ನು ಅವನ ಗುಹೆ ಸಮೇತ ಕಿತ್ತು ಹಾಕಿದೆ. ಏನೂ ಬೇಜಾರಾಗಲಿಲ್ಲ.

ಅಕ್ಕ ಎರಡೂ ಭಾಗ ಓದಿದಳು. ಅವಳಿಗೆ ಫ್ಯಾಂಟಸಿ ಅಂದರೆ ಅಷ್ಟಕ್ಕಷ್ಟೆ, ಅದಕ್ಕೇ ಅವಳ ಮಾತು ಉಪಯೋಗಕ್ಕೆ ಬರುತ್ತದೆ. "ಕೆಳಗಿನ ಊರಿನವರು ಎಲ್ಲೋ? ಇವಳು ಮೇಲಿನ ಕೆರೆ ನೀರು ತಡೆದಾಗ ಅವರು ಸುಮ್ನೆ ಇರ್ತಾರಾ?" ಅಂದಳು. ಸರಿಯಾದ ಪ್ರಶ್ನೆ. ಕೆಳಗಿನ ಊರಿನಲ್ಲೂ ಒಬ್ಬ ನೀರಗಂಟಿ ಇರಲೇಬೇಕು. ಅವನ ಕೆರೆಯೂ ಇವಳ ಹೆಸರು ನೆನಪಿಟ್ಟುಕೊಂಡಿರುತ್ತದೆ. ಮೂರನೇ ಭಾಗ ಅವನದು.

ಅಧ್ಯಾಯಗಳಿಗೆ ಮಳೆ ನಕ್ಷತ್ರಗಳ ಹೆಸರು ಇಡುತ್ತಿದ್ದೇನೆ. ಒಂದೊಂದು ನಕ್ಷತ್ರಕ್ಕೆ 13-14 ದಿನ, ಹಾಗಾಗಿ ಕಥೆಯ ಕಾಲ ತಾನಾಗಿ ಹಿಡಿತಕ್ಕೆ ಬರುತ್ತದೆ. ಕೋಲಾರದ ಕಡೆ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅಂದರೆ ಕೆರೆ ಒಡೆಯುವ ಅಧ್ಯಾಯ ಹಸ್ತದಲ್ಲೋ ಚಿತ್ತೆಯಲ್ಲೋ ಬರಬೇಕು.

ಮುಂದಿನ ಕೆಲಸ ಅದೇ. ನೀರು ಏರಿಯ ಮೇಲೆ ಉಕ್ಕಿದರೂ ಕೆರೆ ಒಡೆಯುತ್ತದೆ. ಏಡಿ ಬಿಲದಂಥ ತೂತಿನಲ್ಲಿ ನೀರು ನುಸುಳಿ, ಒಳಗಿಂದ ಮಣ್ಣು ಕೊಚ್ಚಿದರೂ ಒಡೆಯುತ್ತದೆ. ನನಗೆ ಎರಡನೆಯದೇ ಬೇಕು, ಯಾಕಂದರೆ ಅದನ್ನು ಮೊದಲು ನೋಡುವವಳು ದಿನಾ ಏರಿಯ ಮೇಲೆ ನಡೆಯುವ ನನ್ನ ಹುಡುಗಿ. ಅವಳು ಹೇಳಿದರೆ ಯಾರೂ ನಂಬುವುದಿಲ್ಲ. ರಾತ್ರೋರಾತ್ರಿ ಏರಿಗೆ ಮಣ್ಣು ಹಾಕಿ ಕೆರೆ ಉಳಿಸಿದ ಹಿರಿಯರು ನಿಮ್ಮ ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಬಂದು ಮಾತಾಡಿಸುತ್ತೇನೆ. ಮೊದಲು ಏನು ಹಾಕಿದರು, ಮರಳಿನ ಚೀಲವೋ, ಹುಲ್ಲೋ, ಸೊಪ್ಪೋ? ಅದು ಗೊತ್ತಾಗುವ ತನಕ ಆ ಅಧ್ಯಾಯ ಶುರು ಮಾಡುವುದಿಲ್ಲ.