ಮಿಲಿಮೀಟರ್ ಲೆಕ್ಕದ ಚಿಕಿತ್ಸೆ

ಕ್ಯಾನ್ಸರಿಗೆ ಕೊಡುವ ರೇಡಿಯೇಷನ್‌ಗೆ ಜನ ‘ಕರೆಂಟ್ ಕೊಡೋದು’ ಅಂತಾರೆ. ಮೈಗೆ ಕರೆಂಟೇನೂ ಹರಿಯುವುದಿಲ್ಲ. ಲಿನಾಕ್ ಎಂಬ ರೇಡಿಯೇಷನ್ ಯಂತ್ರದಿಂದ ಬರುವುದು ಹೆಚ್ಚು ಶಕ್ತಿಯ ಎಕ್ಸ್-ರೇ. ಅದು ಜೀವಕೋಶದ ಡಿಎನ್‌ಎಯನ್ನು ಮುರಿಯುತ್ತದೆ. ಆರೋಗ್ಯವಂತ ಕೋಶಗಳು ಬಹುಪಾಲು ಮರುದಿನದೊಳಗೆ ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅದು ಅಷ್ಟು ಸಲೀಸಲ್ಲ. ಕಂತು ಕಂತಾಗಿ ಕೊಡುವುದು ಅದಕ್ಕೇ. ಗಂಟಲಿನ ಕ್ಯಾನ್ಸರಿಗಾದರೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ (ಇದು ರೇಡಿಯೇಷನ್ ಡೋಸಿನ ಅಳತೆ), ವಾರಕ್ಕೆ 5 ದಿನ, 35 ಕಂತು, ಒಟ್ಟು 70 ಗ್ರೇ.

ಕುತ್ತಿಗೆ ಇಕ್ಕಟ್ಟಿನ ಜಾಗ. ಗಡ್ಡೆಗೆ 70 ಗ್ರೇ ಬೇಕು, ಪಕ್ಕದ ಬೆನ್ನುಹುರಿ 45–50 ದಾಟಬಾರದು, ಕಿವಿಯ ಬಳಿಯ ಜೊಲ್ಲುಗ್ರಂಥಿಯ ಸರಾಸರಿ ಡೋಸ್ 26ರೊಳಗಿದ್ದರೆ ಬಾಯಿ ಅಷ್ಟು ಒಣಗುವುದಿಲ್ಲ. ಹೀಗಾಗಿ ಮಲಗುವ ಭಂಗಿಯೇ ಅರ್ಧ ಚಿಕಿತ್ಸೆ. ತೂತುಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 70 ಡಿಗ್ರಿ ನೀರಿನಲ್ಲಿ ಮೆತ್ತಗೆ ಮಾಡಿ, ಮುಖದ ಮೇಲೆ ಎಳೆದು ಮಾಸ್ಕ್ ಮಾಡುತ್ತಾರೆ. ಅದೇ ಮಾಸ್ಕ್‌ನಲ್ಲಿ ಸಿ.ಟಿ. ಸ್ಕ್ಯಾನ್. ವೈದ್ಯರು ಅದರ ಮೇಲೆ ಗಡ್ಡೆಯನ್ನೂ ಹರಡಿರಬಹುದಾದ ಜಾಗವನ್ನೂ ಗುರುತಿಸಿ, ಅಲುಗಾಟಕ್ಕೆಂದು ಸುತ್ತ 3ರಿಂದ 5 ಮಿ.ಮೀ. ಬಿಡುತ್ತಾರೆ. ಇನ್ನು ಯಂತ್ರ ಸುತ್ತುತ್ತಿರುವಾಗಲೇ ಅದರ ತಲೆಯಲ್ಲಿರುವ ಟಂಗ್‌ಸ್ಟನ್ ಪಟ್ಟಿಗಳು ಸರಿದಾಡಿ ಕಿರಣಕ್ಕೆ ಆಕಾರ ಕೊಡುತ್ತವೆ. ಕಿರಣ ಬೀಳುವುದು ಕೆಲವೇ ನಿಮಿಷ. ಉಳಿದ ಹತ್ತು ನಿಮಿಷ ಭಂಗಿ ಸರಿಪಡಿಸಿ, ಮೇಜಿನ ಮೇಲೇ ಸ್ಕ್ಯಾನ್ ತೆಗೆದು ತಾಳೆ ನೋಡುವುದಕ್ಕೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ಊಟದಿಂದ. ಬಾಯಿ ಹುಣ್ಣಾಗಿ, ನುಂಗಲಾಗದೆ ತೂಕ ಇಳಿದರೆ ಮೂರ್ನಾಲ್ಕು ವಾರದಲ್ಲಿ ಮಾಸ್ಕ್ ಸಡಿಲ. ಜೊಲ್ಲುಗ್ರಂಥಿಯೂ ಕುಗ್ಗಿ ಒಳಕ್ಕೆ ಸರಿದು ಹೆಚ್ಚು ಡೋಸ್ ತಿನ್ನುತ್ತದೆ. ಆಗ ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಹೊಸ ಪ್ಲಾನ್. ಹೊಟ್ಟೆಗೆ ಆಹಾರ ಕೊಡುವ ಮೂಗಿನ ನಳಿಕೆಗೆ ಮುಖ ಸಿಂಡರಿಸುವವರು ಇದನ್ನು ಲೆಕ್ಕಕ್ಕೆ ಹಿಡಿದರೆ ಒಳ್ಳೆಯದು. ಗಡ್ಡ ಬಿಟ್ಟರೂ ಮಾಸ್ಕ್ ಕೂರುವುದಿಲ್ಲ.

ಹಾಳಾದ ಹಲ್ಲನ್ನು ರೇಡಿಯೇಷನ್‌ಗೆ ಮೊದಲೇ ಕೀಳಿಸಿ, ಗಾಯ ಮಾಯಲು ಎರಡು ವಾರ ಕೊಡಬೇಕು. ಆಮೇಲೆ ಕಿತ್ತರೆ ದವಡೆ ಮೂಳೆ ಮಾಯದೇ ಕೊಳೆಯಬಹುದು.

ಕಂತು ತಪ್ಪಿಸುವುದು ಇನ್ನೊಂದು ಪೆಟ್ಟು. ಉಳಿದ ಕ್ಯಾನ್ಸರ್ ಕೋಶಗಳು ಕೆಲ ವಾರಗಳ ನಂತರ ವೇಗವಾಗಿ ಮರಿಹಾಕತೊಡಗುತ್ತವೆ. ಯಂತ್ರವೇ ಕೆಟ್ಟರೆ, ಶನಿವಾರ ಅಥವಾ ಕನಿಷ್ಠ 6 ಗಂಟೆ ಬಿಟ್ಟು ಒಂದೇ ದಿನ ಎರಡು ಕಂತು ಕೊಟ್ಟು ಸರಿದೂಗಿಸುತ್ತಾರೆ.

ಕೊನೆಯ ಕಂತು ಮುಗಿದ ಮೇಲೂ ಬಾಯಿಹುಣ್ಣು ಒಂದೆರಡು ವಾರ ಏರುತ್ತಲೇ ಇರುತ್ತದೆ. ನಳಿಕೆಯನ್ನೂ ನೋವಿನ ಔಷಧಿಯನ್ನೂ ಅಂದೇ ನಿಲ್ಲಿಸಬೇಡಿ.